ಸಂತೆಗೆ ಬಾರದ ನೂಲು

ನಮ್ಮ ಮನೆಯ ಪಡಸಾಲೆಯಲ್ಲಿ, ಹಗಲಿನ ಬೆಳಕು ಕಿಟಕಿಯ ಸರಳುಗಳನ್ನು ದಾಟಿ ಒಳಗೆ ಬೀಳುವ ಮೂಲೆಯೊಂದರಲ್ಲಿ, ನನ್ನ ಅಕ್ಕನ ಬಿದಿರಿನ ಬುಟ್ಟಿ ಇರುತ್ತದೆ. ಅದು ಬರಿದಾದುದನ್ನು ನಾನು ಕಂಡವನಲ್ಲ. ಅದರೊಳಗಿನ ಕೆಲಸವೆಲ್ಲವೂ ಒಂದೇ ಬಾರಿಗೆ ಮುಗಿದುದನ್ನೂ ಕಂಡವನಲ್ಲ. ಈ ಹೊತ್ತು ಅದರಲ್ಲಿ, ತಂಗಿಯ ಮಗಳ ಕೂಸಿಗೆಂದು ಕಿವಿಯವರೆಗೆ ಹೆಣೆದು ನಿಲ್ಲಿಸಿದ ಕುಲಾವಿಯೊಂದಿದೆ. ಒಂದು ತೋಳು ಮುಗಿದು ಇನ್ನೊಂದು ತೋಳಿಗಾಗಿ ಕಾದಿರುವ ಸ್ವೆಟರೊಂದಿದೆ. ಅರ್ಧ ತುಂಬಿದ ತಕಲಿ, ಬೀಜ ತೆಗೆದು ಹಿಂಜಿದ ಅರಳೆಯ ಪೊಟ್ಟಣ, ಕಾರ್ತಿಕಮಾಸಕ್ಕೆಂದು ನೂರುನೂರರ ಲೆಕ್ಕದಲ್ಲಿ ಕಟ್ಟಿಟ್ಟ ಹೂಬತ್ತಿಗಳು, ಎಲ್ಲಕ್ಕಿಂತ ಕೆಳಗೆ ಚಳ್ಳಕೆರೆಯ ಕಡೆಯ ಪರಿಚಿತರೊಬ್ಬರು ತಂದುಕೊಟ್ಟ ಕರಿಯ ಕುರಿಯ ತುಪ್ಪಟದ ಗಂಟು, ಇವಿಷ್ಟೂ ಇವೆ. ಇವುಗಳಲ್ಲಿ ಯಾವುದೊಂದನ್ನೂ ಆಕೆ ಮಾರಲೆಂದು ಮಾಡುತ್ತಿಲ್ಲ. ಪ್ರತಿಯೊಂದು ಎಳೆಗೂ ಮನೆಯವರೊಬ್ಬರ, ಇಲ್ಲವೆ ಮನೆದೇವರ, ಹೆಸರು ಮೊದಲೇ ಗೊತ್ತಾಗಿರುತ್ತದೆ.

ಈ ಬುಟ್ಟಿಯನ್ನು ನೋಡುವಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಜಿಜ್ಞಾಸೆ ಹುಟ್ಟುವುದುಂಟು. ಭರತಖಂಡದ ವಸ್ತ್ರೋದ್ಯಮವನ್ನು ಕುರಿತು ವಿದ್ವಾಂಸರು ಬರೆದ ಗ್ರಂಥಗಳಿಗೆ ಕೊರತೆಯಿಲ್ಲ. ಯಾವ ಬಂದರಿನಿಂದ ಯಾವ ದೇಶಕ್ಕೆ ಎಷ್ಟು ಬಟ್ಟೆ ಹೋಯಿತು, ಅದಕ್ಕೆ ಪ್ರತಿಯಾಗಿ ಎಷ್ಟು ಹೊನ್ನು ಬಂದಿತು, ಯಾವ ಅರಸನು ಮಗ್ಗಕ್ಕೆ ಎಷ್ಟು ತೆರಿಗೆ ಹಾಕಿದನು ಎಂಬ ವಿವರಗಳೆಲ್ಲ ಅವುಗಳಲ್ಲಿ ದೊರೆಯುತ್ತವೆ. ಆದರೆ ತನ್ನ ಮಗುವಿನ ತಲೆಗೆ, ತನ್ನ ತಂದೆಯ ಹೆಗಲಿಗೆ, ತನ್ನ ದೇವರ ದೀಪಕ್ಕೆ ಎಂದು ಮನೆಮನೆಯಲ್ಲಿ ನೂತ ನೂಲಿನ ಕಥೆ ಆ ಗ್ರಂಥಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅಂಥ ನೂಲು ಇರಲಿಲ್ಲವೆಂದಲ್ಲ. ಅದು ಸಂತೆಗೆ ಬಾರದೆ ಹೋದುದರಿಂದ ಸುಂಕದವನ ಕಣ್ಣಿಗೆ ಬೀಳಲಿಲ್ಲ. ಸುಂಕದವನ ಕಣ್ಣಿಗೆ ಬೀಳದುದು ಕಡತಕ್ಕೆ ಏರಲಿಲ್ಲ. ಕಡತಕ್ಕೆ ಏರದುದು ಚರಿತ್ರೆಗೆ ಸೇರಲಿಲ್ಲ. ಆ ನೂಲಿನ ಜಾಡನ್ನು ನಮ್ಮ ನಾಡಿನಲ್ಲಿ ಸಿಕ್ಕಿದಷ್ಟು ದೂರ ಹಿಡಿದು ನಡೆಯುವುದು ಈ ಲೇಖನದ ಉದ್ದೇಶ.

ನೂಲುವ ಉಪಕರಣಗಳಲ್ಲೆಲ್ಲ ಪ್ರಾಚೀನವಾದುದು ಕದಿರು. ಒಂದು ನೆಟ್ಟನೆಯ ಕಡ್ಡಿ, ಅದರ ಬುಡದಲ್ಲಿ ಭಾರಕ್ಕೆಂದು ಒಂದು ಬಿಲ್ಲೆ. ಇಷ್ಟೇ ಅದರ ಸ್ವರೂಪ. ಸಿಂಧೂ ಕಣಿವೆಯ ಪುರಾತನ ನಗರಗಳಲ್ಲಿ ಇಂತಹ ಮಣ್ಣಿನ ಬಿಲ್ಲೆಗಳು ಹೇರಳವಾಗಿ ದೊರೆತಿವೆ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಹತ್ತಿಯ ಬಟ್ಟೆಯ ಚೂರೂ ಉಳಿದು ಬಂದಿತು. ಕದಿರು ತಿರುಗಿದಂತೆ ಎಳೆಗೆ ಹುರಿ ಏರುತ್ತದೆ. ಹುರಿ ಏರಿದಂತೆ, ಬಿಡಿಯಾಗಿದ್ದಾಗ ಉಸಿರಿಗೆ ಹಾರಿಹೋಗುವಂಥ ನಾರುಗಳು ಒಂದನ್ನೊಂದು ಬಿಗಿಹಿಡಿದು ಎಳೆದರೂ ಹರಿಯದ ದಾರವಾಗುತ್ತವೆ. ಹತ್ತಿಯ ನಾರು ಗಿಡ್ಡ. ಕದಿರಿನ ಭಾರವನ್ನು ಅದು ತಡೆಯಲಾರದು. ಆದುದರಿಂದ ಹತ್ತಿ ನೂಲುವವರು ತಕಲಿಯ ತುದಿಯನ್ನು ಬಟ್ಟಲಿನಲ್ಲಿಯೋ ತೆಂಗಿನ ಚಿಪ್ಪಿನಲ್ಲಿಯೋ ಊರಿ, ಕುಳಿತು ನೂಲುತ್ತಾರೆ. ಉಣ್ಣೆಯ ನಾರು ನೀಳ. ಅದು ಕದಿರನ್ನು ತೂಗಿ ಹೊರಬಲ್ಲದು. ಆದುದರಿಂದ ಕುರಿಯ ಹಿಂದೆ ಹೊರಟವನು ನಡೆಯುತ್ತ ನಡೆಯುತ್ತಲೇ ನೂಲಬಲ್ಲನು. ಕುಳಿತು ನೂಲುವ ಹತ್ತಿಯು ಮನೆಯೊಳಗಿನ ಹೆಂಗಸರ ಕೈಗೂ, ನಡೆದು ನೂಲುವ ಉಣ್ಣೆಯು ಅಡವಿಯ ಕುರುಬನ ಕೈಗೂ ಒಗ್ಗಿಬಂದುದರಲ್ಲಿ ನಾರಿನ ಉದ್ದವೂ ಒಂದು ಕಾರಣವೆಂದರೆ ತಪ್ಪಾಗಲಾರದು.

ಮನೆಯ ಹೆಂಗಸು ನೂಲುವುದನ್ನು ರಾಜ್ಯವು ಮೊದಲು ಗಮನಿಸಿದ ಬಗೆಯನ್ನು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೋಡಬಹುದು. ಅಲ್ಲಿ ಸೂತ್ರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ವಿಧವೆಯರು, ಅಂಗವಿಕಲೆಯರು, ವೃದ್ಧೆಯರು ಮೊದಲಾದ ದಿಕ್ಕಿಲ್ಲದ ಸ್ತ್ರೀಯರಿಂದ ಆತನು ನೂಲು ತೆಗೆಯಿಸಬೇಕು. ಹೊರಗೆ ಬಾರದ ಕುಲೀನ ಸ್ತ್ರೀಯರಿಗೆ ದಾಸಿಯರ ಮೂಲಕ ಮನೆಗೇ ಕೆಲಸವನ್ನು ಕಳುಹಿಸಬೇಕು. ನೂಲಿನ ನಯವನ್ನೂ ಮೊತ್ತವನ್ನೂ ಪರೀಕ್ಷಿಸಿ ಕೂಲಿಯನ್ನು ನಿಗದಿಮಾಡಬೇಕು. ದಿಕ್ಕಿಲ್ಲದವರಿಗೆ ಜೀವನೋಪಾಯವನ್ನು ಕಲ್ಪಿಸಿದ ಔದಾರ್ಯ ಇದರಲ್ಲಿ ಇಲ್ಲದಿಲ್ಲ. ಆದರೆ ಆ ಅಧ್ಯಕ್ಷನ ತಕ್ಕಡಿಯನ್ನು ಏರುತ್ತಿದ್ದುದು ಅರಸನ ನೂಲು ಮಾತ್ರ. ಅದೇ ವಿಧವೆ ಅದೇ ಕದಿರಿನಿಂದ ರಾತ್ರಿಯ ಹೊತ್ತು ತನ್ನ ಮಗನಿಗೆಂದು ನಾಲ್ಕು ಎಳೆ ತೆಗೆದಿದ್ದರೆ, ಅದನ್ನು ತೂಗುವ ತಕ್ಕಡಿ ಮೌರ್ಯ ಸಾಮ್ರಾಜ್ಯದಲ್ಲಿಯೂ ಇರಲಿಲ್ಲ.

ಕನ್ನಡ ನಾಡಿನಲ್ಲಿ ನೂಲುವ ಹೆಂಗಸು ತಾನೇ ಮಾತನಾಡಿದುದು 12ನೆಯ ಶತಮಾನದಲ್ಲಿ. ಬಸವಣ್ಣನವರ ಕಾಲದ ಶಿವಶರಣೆಯರಲ್ಲಿ ಕದಿರ ರೆಮ್ಮವ್ವೆ ಎಂಬಾಕೆಗೆ ನೂಲುವುದೇ ಕಾಯಕವಾಗಿದ್ದಿತು. ಕದಿರ ಕಾಯಕದ ಕಾಳವ್ವೆ ಎಂಬ ಇನ್ನೊಬ್ಬಳ ಹೆಸರೂ ನಮಗೆ ಉಳಿದು ಬಂದಿದೆ. ಇವರ ಹೆಸರಿನ ಮುಂದೆ ಊರಿಲ್ಲ, ಕುಲವಿಲ್ಲ, ಕದಿರು ಇದೆ. ರೆಮ್ಮವ್ವೆಯ ವಚನವೊಂದು ತಾನು ತಿರುಗಿಸುವ ರಾಟೆಯ ಅಂಗಾಂಗಗಳನ್ನು ಒಂದೊಂದಾಗಿ ಎಣಿಸಿ, ಅಡಿಯ ಹಲಗೆಯಿಂದ ಮೊದಲುಗೊಂಡು ತ್ರಿಮೂರ್ತಿಗಳನ್ನು ಅವುಗಳಲ್ಲಿ ನೆಲೆಗೊಳಿಸಿ, ಅರಿವನ್ನೇ ಕದಿರನ್ನಾಗಿ ಕಾಣುತ್ತದೆ. ದರ್ಶನವು ಇಷ್ಟು ಎತ್ತರಕ್ಕೆ ಏರಿದ ಮೇಲೆ ವಚನವು ಇದ್ದಕ್ಕಿದ್ದಂತೆ ಮನೆಯೊಳಗೆ ಇಳಿದುಬರುತ್ತದೆ. ಕದಿರು ತುಂಬಿದೆ, ಇನ್ನು ರಾಟೆ ತಿರುಗಿಸಲಾರೆನು, ತಿರುಗಿಸಿದರೆ ಗಂಡನು ಹೊಡೆದಾನು ಎಂಬ ಅಳುಕಿನಲ್ಲಿ ಕೊನೆಯಾಗುತ್ತದೆ. ಇದಕ್ಕೆ ಪಾರಮಾರ್ಥಿಕವಾದ ಅರ್ಥವನ್ನು ಹೇಳುವವರು ಹೇಳಲಿ. ನನಗಂತೂ ಹೊತ್ತು ಮೀರಿಯೂ ನೂಲುತ್ತ ಕುಳಿತ ಗೃಹಿಣಿಯೊಬ್ಬಳ ಅಂಗೈಯ ಬಿಸಿ ಆ ಮಾತಿನಲ್ಲಿ ಇನ್ನೂ ಆರದೆ ಇರುವಂತೆ ತೋರುತ್ತದೆ.

ಈ ವಚನವು ಯಂತ್ರಗಳ ಚರಿತ್ರೆಯನ್ನು ಬರೆಯುವವರಿಗೂ ಒಂದು ಸಿಕ್ಕನ್ನು ಒಡ್ಡುತ್ತದೆ. ಭಾರತದಲ್ಲಿ ರಾಟೆಯ ಉಲ್ಲೇಖವು ಕಾಲನಿರ್ಣಯಕ್ಕೆ ಒದಗುವಂತೆ ಮೊದಲು ಕಾಣುವುದು 1350ರಲ್ಲಿ ಮುಗಿದ ಫುತೂಹ್-ಉಸ್-ಸಲಾತೀನ್ ಎಂಬ ಪಾರಸಿ ಕಾವ್ಯದಲ್ಲಿ ಎಂಬುದು ಇತಿಹಾಸಕಾರ ಇರ್ಫಾನ್ ಹಬೀಬರ ಶೋಧನೆ. ಅದನ್ನು ರಚಿಸಿದ ಇಸಾಮಿಯು, ಮಹಮದ್ ಬಿನ್ ತುಘಲಕನ ಕಾಲದಲ್ಲಿ ದೆಹಲಿಯನ್ನು ಬಿಟ್ಟು ದೌಲತಾಬಾದಿಗೆ ಬರಬೇಕಾಗಿ ಬಂದವರಲ್ಲಿ ಒಬ್ಬನು; ಆತನಿಗೆ ಆಶ್ರಯಕೊಟ್ಟವನು ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಮೊದಲ ಬಹಮನಿ ಸುಲ್ತಾನನು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ದೆಹಲಿಯನ್ನು ಆಳಿದ ರಜಿಯಾಳನ್ನು ಆಕ್ಷೇಪಿಸುತ್ತ, ಹೆಣ್ಣಿಗೆ ಸಿಂಹಾಸನವು ಸಲ್ಲದು, ಆಕೆ ರಾಟೆಯ ಬಳಿಯಲ್ಲಿರುವುದೇ ಲೇಸು ಎಂಬ ಅಭಿಪ್ರಾಯವನ್ನು ಅವನು ಆ ಕಾವ್ಯದಲ್ಲಿ ವ್ಯಕ್ತಪಡಿಸಿದ್ದಾನೆ. ಇತ್ತ ನಮ್ಮ ವಚನವು ಸಂಪ್ರದಾಯದ ಪ್ರಕಾರ ಅದಕ್ಕಿಂತ ಸುಮಾರು ಎರಡು ಶತಮಾನ ಹಿಂದಿನದು. ಆದರೆ ವಚನಗಳು ಬಾಯಿಂದ ಬಾಯಿಗೆ ಬಂದು, ಮುಂದಿನ ಕಾಲದ ಓಲೆಗಳಲ್ಲಿ ಸಂಕಲನಗೊಂಡವಾದುದರಿಂದ, ಅವುಗಳ ಒಂದೊಂದು ಪದವನ್ನೂ ಕಾಲಪ್ರಮಾಣವಾಗಿ ಎತ್ತಿಹಿಡಿಯುವುದು ಕಷ್ಟ. ಆ ವಿವಾದವನ್ನು ಬಲ್ಲವರಿಗೆ ಬಿಡೋಣ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಎರಡು ದೃಷ್ಟಿಗಳ ನಡುವಣ ಅಂತರ. ಅದೇ ದಖನ್ನಿನಲ್ಲಿ, ಅದೇ ಉಪಕರಣದ ಮುಂದೆ, ಆಸ್ಥಾನಕವಿಯು ಹೆಣ್ಣನ್ನು ಕೂರಿಸಿದುದು ಆಕೆಯ ಎಲ್ಲೆಯನ್ನು ಗುರುತಿಸಲೆಂದು. ರೆಮ್ಮವ್ವೆಯು ತಾನಾಗಿ ಕುಳಿತು ಅದರಲ್ಲಿ ತ್ರಿಮೂರ್ತಿಗಳನ್ನು ಕಂಡಳು.

ಇನ್ನು, ಮನೆಯ ನೂಲಿಗೆ ನಮ್ಮ ಪಂಚಾಂಗದಲ್ಲಿಯೇ ಒಂದು ದಿನವು ಮೀಸಲಾಗಿರುವುದನ್ನು ಹೇಳಬೇಕು. ಶ್ರಾವಣಮಾಸದ ಪೌರ್ಣಿಮೆಗೆ ಕನ್ನಡಿಗರು ಇಟ್ಟ ಹೆಸರು ನೂಲಹುಣ್ಣಿಮೆ. ಅಂದು ಹಳೆಯ ಜನಿವಾರವನ್ನು ವಿಸರ್ಜಿಸಿ ಹೊಸದನ್ನು ಧರಿಸುವುದು ರೂಢಿ. ಜನಿವಾರದ ನೂಲನ್ನು ತಕಲಿಯಲ್ಲಿ ತೆಗೆದು, ನಾಲ್ಕು ಬೆರಳುಗಳನ್ನು ಜೋಡಿಸಿ ಅವುಗಳ ಸುತ್ತ 96 ಸುತ್ತು ಸುತ್ತಿ, ಮೂರು ಮಡಿಸಿ ಹುರಿಮಾಡಿ, ಮತ್ತೆ ಮೂರು ಮಡಿಸಿ ಒಂಬತ್ತು ಎಳೆಯಾಗಿಸಿ, ಬ್ರಹ್ಮಗಂಟನ್ನು ಹಾಕುತ್ತಾರೆ. ಬ್ರಾಹ್ಮಣನಿಗೆ ಹತ್ತಿಯದು, ಕ್ಷತ್ರಿಯನಿಗೆ ಸಣಬಿನದು, ವೈಶ್ಯನಿಗೆ ಉಣ್ಣೆಯದು ಎಂದು ಮನುಸ್ಮೃತಿಯು ವಿಂಗಡಿಸಿತು. ಮನುವು ನಾರಿನಲ್ಲಿ ಭೇದವೆಣಿಸಿದನಾದರೂ ನೂಲುವ ಕ್ರಿಯೆ ಎಲ್ಲಕ್ಕೂ ಒಂದೇ. ಇಲ್ಲಿಯ ಅಳತೆಯನ್ನು ಗಮನಿಸಬೇಕು. ಆ ನೂಲನ್ನು ಅಳೆಯುವುದು ಗಜಕಡ್ಡಿಯಿಂದಲ್ಲ, ಬೆರಳಿನಿಂದ. ಮನುಷ್ಯನ ಎತ್ತರವು ಅವನವನ ಬೆರಳಿನಿಂದ 96 ಅಂಗುಲ ಎಂಬ ಹಳೆಯ ಲೆಕ್ಕವೊಂದಿದೆ. ಆ ಲೆಕ್ಕದ ನೆರಳು ಈ ವಿಧಿಯ ಮೇಲೆ ಬಿದ್ದಿರುವುದು ಸ್ಪಷ್ಟವಾಗಿದೆ. ಅಗಲ ಬೆರಳಿನವನಿಗೆ ಉದ್ದದ ಜನಿವಾರ, ಸಣ್ಣ ಬೆರಳಿನವನಿಗೆ ಗಿಡ್ಡದು. ಧರಿಸುವವನ ದೇಹದಿಂದ ಬೇರೆಯಾದ ಪ್ರಮಾಣವೇ ಅದಕ್ಕೆ ಇಲ್ಲ.

ಗಂಡಸಿನ ಹೆಗಲೇರುವ ಈ ನೂಲಿನ ಪಕ್ಕದಲ್ಲಿ ಹೆಂಗಸರ ನೂಲಿನದೊಂದು ಲೋಕವೇ ಇದೆ. ವರಮಹಾಲಕ್ಷ್ಮಿಗೆ ಒಂಬತ್ತು ಎಳೆ ಒಂಬತ್ತು ಗಂಟಿನ ದಾರ. ಭಾದ್ರಪದದ ಅನಂತನ ಚತುರ್ದಶಿಗೆ ಹದಿನಾಲ್ಕು ಗಂಟಿನ ಕೆಂಪು ದಾರ. ಅರಳೆಯನ್ನು ಹಾಲಿನ ಬೆರಳಿನಿಂದ ತೀಡಿ, ನಡುನಡುವೆ ಕುಂಕುಮದ ಬೊಟ್ಟಿಟ್ಟು, ದೇವರ ಕೊರಳಿಗೆ ಹಾಕುವ ಗೆಜ್ಜೆವಸ್ತ್ರ. ಬೆರಳಿಗೆ ವಿಭೂತಿ ಹಚ್ಚಿಕೊಂಡು ಹೊಸೆದ ಬತ್ತಿ. ಲಕ್ಷಬತ್ತಿಯ ವ್ರತವನ್ನು ಹಿಡಿದ ಮುತ್ತೈದೆಯು ಒಂದು ಲಕ್ಷ ಬತ್ತಿಗಳನ್ನು ಹೊಸೆದು ಎಣಿಸಿಟ್ಟು, ದೇವರ ಮುಂದೆ ಬೆಳಗಿಸಿ ಉದ್ಯಾಪನೆ ಮಾಡುತ್ತಾಳೆ. ತಿಂಗಳುಗಟ್ಟಲೆ ನಡೆಯುವ ಆ ಕೈಕೆಲಸವು ಕೆಲವೇ ಹೊತ್ತಿನಲ್ಲಿ ಬೆಳಕಾಗಿ ಹೋಗಿಬಿಡುತ್ತದೆ. ಕೂಡಿಡಲು, ಮಾರಲು, ಮುಂದಿನವರಿಗೆ ತೋರಿಸಲು ಅದರಲ್ಲಿ ಏನೂ ಉಳಿಯುವುದಿಲ್ಲ. ವಸ್ತುಸಂಗ್ರಹಾಲಯದಲ್ಲಿ ಇಡಲು ಬೂದಿಯಾದರೂ ಸಿಕ್ಕದ ಈ ಕಸುಬನ್ನು ಚರಿತ್ರಕಾರನು ಯಾವ ಶಾಸನದಲ್ಲಿ ಹುಡುಕಬೇಕು?

ಮನೆಯ ನೂಲು ಮತ್ತು ಸಂತೆಯ ನೂಲು ಬೇರೆಬೇರೆಯಾಗಿ ಕಾಣಿಸಿಕೊಳ್ಳುವ ಸಂದರ್ಭವೊಂದು 19ನೆಯ ಶತಮಾನದ ಹೊಸ್ತಿಲಿನಲ್ಲಿ ಒದಗಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಇಂಗ್ಲಿಷರ ಹಿಡಿತಕ್ಕೆ ಬಂದ ಸೀಮೆಗಳ ಬೆಳೆ, ಕಸುಬು, ವ್ಯಾಪಾರಗಳ ಸ್ಥಿತಿಯನ್ನು ಅರಿಯಬಯಸಿದ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಆ ಕಾರ್ಯಕ್ಕೆ ನಿಯಮಿಸಿದನು. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಆತನು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬರೆದಿಟ್ಟ ದಿನಚರಿಯು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಬೆಂಗಳೂರಿನ ಸುತ್ತಣ ವಾರದ ಸಂತೆಗಳಲ್ಲಿ ಬಡ ಹೆಂಗಸರು ಅರಳೆಯನ್ನು ಸ್ವಲ್ಪಸ್ವಲ್ಪವಾಗಿ ಕೊಂಡು, ಮನೆಯಲ್ಲಿ ನೂತು, ಮುಂದಿನ ಸಂತೆಯಲ್ಲಿ ನೇಕಾರರಿಗೆ ಮಾರುವುದನ್ನು ಆತನು ವರ್ಣಿಸಿದ್ದಾನೆ. ಎಲ್ಲ ಜಾತಿಯ ಹೆಂಗಸರೂ ನೂಲುವರು, ಬ್ರಾಹ್ಮಣ ಹೆಂಗಸರು ಮಾತ್ರ ನೂಲುವುದಿಲ್ಲ, ಅವರ ಗಂಡಂದಿರು ನೇಗಿಲು ಹಿಡಿಯುವುದಿಲ್ಲ ಎಂದು ಆತನು ಅಲ್ಲಿಯೇ ಸೇರಿಸುತ್ತಾನೆ.

ಬುಕಾನನ್ನನ ದೃಷ್ಟಿ ಸೂಕ್ಷ್ಮವಾದುದು. ಆತನು ಸುಳ್ಳು ಹೇಳಿದನೆಂದು ನಾನು ಹೇಳುವುದಿಲ್ಲ. ಸಂತೆಯಲ್ಲಿ ನಿಂತು ನೋಡಿದವನಿಗೆ ಸಂತೆಗೆ ಬಂದ ನೂಲು ಕಂಡಿತು. ಆದರೆ ಜನಿವಾರಕ್ಕೂ ವ್ರತದ ದಾರಕ್ಕೂ ದೀಪದ ಬತ್ತಿಗೂ ಅರಳೆ ಹಿಂಜಿ ಹೊಸೆಯುತ್ತಿದ್ದ ಕೈಗಳು ಅದೇ ಊರಿನ ಅಗ್ರಹಾರದಲ್ಲಿ ಬಾಗಿಲ ಹಿಂದೆ ಇದ್ದಿರಲೇಬೇಕು. ಆ ನೂಲು ಹಣವಾಗಲಿಲ್ಲ. ಆದುದರಿಂದ ಆ ಹೆಂಗಸು ನೂಲುವವಳೆಂದು ಎನಿಸಿಕೊಳ್ಳಲಿಲ್ಲ. ಹಾಗೆಯೇ, ಮಾರಲೆಂದು ನೂಲುತ್ತಿದ್ದ ಉಳಿದ ಜಾತಿಗಳ ಹೆಂಗಸರೂ ಒಂದು ಲಡಿ ನೂಲನ್ನು ಸಂತೆಯ ಬುಟ್ಟಿಯಿಂದ ಬೇರೆ ತೆಗೆದು, ಮಗಳ ಸೀರೆಗೆಂದು ಎತ್ತಿಟ್ಟಿರಬೇಕು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯು ಹುಟ್ಟಿದುದು ನೂಲೂ ಮಗಳೂ ಒಂದೇ ಮಡಿಲಿನಲ್ಲಿ ಬೆಳೆಯುತ್ತಿದ್ದ ಮನೆಯಲ್ಲಿಯೇ ಹೊರತು ಅಂಗಡಿಯಲ್ಲಿ ಅಲ್ಲ.

ಸಂತೆಗೂ ಮನೆಗೂ ಸಮನಾಗಿ ಸೇರಿದ ನೂಲೆಂದರೆ ಕಂಬಳಿಯದು. ದಖನ್ನಿನ ಕುರಿಯ ಉಣ್ಣೆ ಒರಟು. ಮೆರಿನೊ ಉಣ್ಣೆಯ ಮೃದುತ್ವವನ್ನು ಅದರಲ್ಲಿ ಅರಸುವವನಿಗೆ ನಿರಾಶೆ ತಪ್ಪದು. ಆದರೆ ಒರಟಾಗಿರುವುದೇ ಅದರ ಗುಣ. ವರ್ಷಕ್ಕೆ ಎರಡು ಬಾರಿ ಕತ್ತರಿಸಿದ ತುಪ್ಪಟವನ್ನು ಬಿಡಿಸಿ, ಬಿಲ್ಲಿನಿಂದ ಎಕ್ಕಿ, ಕುರಿಯ ಹಿಂದೆ ಹೋದವರೂ ಮನೆಯ ಹೆಂಗಸರೂ ನೂತು ಕೊಟ್ಟ ನೂಲಿಗೆ ಹುಣಸೆಬೀಜದ ಗಂಜಿಯನ್ನು ಹಾಕಿ, ಗಂಡಸರು ಮಗ್ಗದ ಮೇಲೆ ನೇಯುತ್ತಾರೆ. ಮರಿಯ ಮೊದಲ ಕತ್ತರಿಯ ಕರಿಯ ಉಣ್ಣೆಗೆ ಬಣ್ಣ ಕಟ್ಟುವ ಅಗತ್ಯವೇ ಇಲ್ಲ. ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಮೊದಲಾದ ಊರುಗಳಿಗೆ ಈ ಕಸುಬಿನಿಂದ ಬಂದ ಹೆಸರು ಇಂದಿಗೂ ಅಳಿದಿಲ್ಲ. ಮಲೆನಾಡಿನಲ್ಲಿ ನಾಟಿಯ ಗದ್ದೆಗೆ ಇಳಿದವರ ಬೆನ್ನಿನ ಮೇಲೆ ಅದು ಕೊಪ್ಪೆಯಾಗಿ ಮಳೆಯನ್ನು ತಡೆಯಿತು. ಬಯಲುಸೀಮೆಯ ಕಣದಲ್ಲಿ ಹಾಸಿಗೆಯಾಯಿತು. ಮೈಲಾರಲಿಂಗನ ಗೊರವರ ಮೈಮೇಲೆ ದೀಕ್ಷಾವಸ್ತ್ರವಾಯಿತು. ಮದುವೆಯ ಮನೆಯಲ್ಲಿ ಮಡಿಸಿ ಹಾಸಿದರೆ ಗದ್ದುಗೆಯಾಯಿತು. ಮಾರಾಟಕ್ಕೆ ಹೋದ ಕಂಬಳಿಯ ಬೆಲೆ ಕಡತಗಳಲ್ಲಿ ಸಿಕ್ಕೀತು. ಕುರುಬರ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊದಲ ದಿನ ಸುತ್ತಿ ಮಲಗಿಸಿದ ಕಂಬಳಿಗೆ ಎಷ್ಟು ಉಣ್ಣೆ ಹಿಡಿಯಿತು ಎಂಬುದನ್ನು ಬರೆದಿಟ್ಟವರಿಲ್ಲ.

ಅಷ್ಟರಲ್ಲಿ ದೂರದ ಇಂಗ್ಲೆಂಡಿನಲ್ಲಿ ನೂಲುವ ಕೈಯನ್ನೇ ಅನಾವಶ್ಯಕವಾಗಿಸುವ ಯಂತ್ರಗಳು ಹುಟ್ಟಿಕೊಂಡಿದ್ದವು. ಹಾರ್ಗ್ರೀವ್ಸನ ಜೆನ್ನಿ 1764ರ ಸುಮಾರಿಗೆ, ಆರ್ಕ್‌ರೈಟನ ಜಲಯಂತ್ರ 1769ರಲ್ಲಿ, ಕ್ರಾಂಪ್ಟನ್ನನ ಮ್ಯೂಲ್ 1779ರಲ್ಲಿ ಬಂದವು. ಒಂದು ಮಗ್ಗಕ್ಕೆ ನೂಲನ್ನು ಒದಗಿಸಲು ಹಲವು ರಾಟೆಗಳು ಬೇಕಾಗಿದ್ದ ಕಾಲದಲ್ಲಿ, ಒಬ್ಬ ಆಳು ಸಾಲುಸಾಲು ಕದಿರುಗಳನ್ನು ನೋಡಿಕೊಳ್ಳುವಂತಾದುದು ಸಾಮಾನ್ಯವಾದ ಮಾರ್ಪಾಟಲ್ಲ. 19ನೆಯ ಶತಮಾನದಲ್ಲಿ ವಿಲಾಯಿತಿ ನೂಲು ನಮ್ಮ ಸಂತೆಗಳಿಗೆ ಇಳಿಯಿತು. 1880ರ ದಶಕದಲ್ಲಿ ಗೋಕಾಕದ ಜಲಪಾತದ ಬಳಿ ಗಿರಣಿಯು ಎದ್ದು, ಘಟಪ್ರಭೆಯ ನೀರೇ ಕದಿರು ತಿರುಗಿಸತೊಡಗಿತು. ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ನೇಕಾರನ ಕಷ್ಟವನ್ನು ಹೇಳುತ್ತಾರೆ. ಆದರೆ ನೇಕಾರನು ಗಿರಣಿಯ ನೂಲನ್ನೇ ಕೊಂಡು ಮಗ್ಗಕ್ಕೆ ಹೂಡಿ ಹೇಗೋ ಉಳಿದುಕೊಂಡನು. ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರುಗಳಲ್ಲಿ ಮಗ್ಗದ ಸದ್ದು ಅಡಗಲಿಲ್ಲ. ಅಡಗಿದುದು ರಾಟೆಯ ಸದ್ದು. ವಾರದ ಸಂತೆಗೆ ಲಡಿಯನ್ನು ತಂದು ಉಪ್ಪು ಮೆಣಸಿನಕಾಯಿ ಕೊಂಡು ಹಿಂದಿರುಗುತ್ತಿದ್ದ ಬಡ ಹೆಂಗಸಿನ ವರಮಾನವು, ಯಾರೊಬ್ಬರೂ ಗದ್ದಲವೆಬ್ಬಿಸದಂತೆ, ಒಂದೆರಡು ತಲೆಮಾರುಗಳಲ್ಲಿ ಇಲ್ಲವಾಯಿತು. ಉಳಿದುದು ಎಂದೂ ಸಂತೆಗೆ ಹೋಗದಿದ್ದ ನೂಲು ಮಾತ್ರ. ಗಿರಣಿಗೆ ಅದರೊಡನೆ ಸ್ಪರ್ಧಿಸಲು ಆಗಲಿಲ್ಲ. ಬೆಲೆಯೇ ಇಲ್ಲದುದಕ್ಕಿಂತ ಅಗ್ಗವಾಗಿ ಮಾರುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲವಷ್ಟೆ.

ಅಳಿದ ರಾಟೆಯನ್ನು ಅಟ್ಟದಿಂದ ಇಳಿಸಿದವರು ಗಾಂಧೀಜಿ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ಸಿನ 39ನೆಯ ಅಧಿವೇಶನಕ್ಕೆ ಅವರು ಅಧ್ಯಕ್ಷರಾಗಿದ್ದರು. ಅವರು ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನು ವಹಿಸಿದುದು ಅದೊಂದೇ ಬಾರಿ. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದವನು ತಿಂಗಳಿಗೆ 2,000 ಗಜದಷ್ಟು ಸಮನಾದ ನೂಲನ್ನು ತಾನೇ ನೂತು, ಆಗದಿದ್ದರೆ ಇನ್ನೊಬ್ಬರಿಂದ ನೂಲಿಸಿ, ಒಪ್ಪಿಸಬೇಕೆಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆಯಾಯಿತು. ವಕೀಲರೂ ಪಂಡಿತರೂ ಜಮೀನುದಾರರೂ ತಕಲಿ ಹಿಡಿದು ಕುಳಿತ ಆ ದೃಶ್ಯವು, ಗಂಡಸು ಒಲ್ಲದ ಮನೆಗೆಲಸವನ್ನು ರಾಷ್ಟ್ರಕಾರ್ಯದ ಪೀಠಕ್ಕೆ ಏರಿಸಿತು. ನಿಯಮವು ಬಹುಕಾಲ ನಿಲ್ಲಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಅದನ್ನು ಸಡಿಲಗೊಳಿಸಿ, ನೂಲುವ ಕೆಲಸವನ್ನು ಅಖಿಲ ಭಾರತ ಚರಕಾ ಸಂಘಕ್ಕೆ ವಹಿಸಿದರು. ಕರ್ಣಾಟಕದಲ್ಲಿ ಗಂಗಾಧರರಾವ್ ದೇಶಪಾಂಡೆಯವರು ಬೆಳಗಾವಿಯ ಬಳಿಯ ಹುದಲಿಯಲ್ಲಿ ಖಾದಿಯ ಕೆಲಸವನ್ನು ನೆಲೆಗೊಳಿಸಿದರು. ಮೈಸೂರು ಸೀಮೆಯಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿಯ ಕೇಂದ್ರವಾಗಿ ಹೆಸರಾಯಿತು. 1927ರಲ್ಲಿ ಗಾಂಧೀಜಿಯವರು ಆರೋಗ್ಯಕ್ಕಾಗಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ಕೆಲವು ತಿಂಗಳು ತಂಗಿದ್ದುದು ಈ ಚಟುವಟಿಕೆಗೆ ನೀರೆರೆಯಿತು. 1957ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜವು ತಯಾರಾಗುವುದನ್ನು ನಮ್ಮವರೆಲ್ಲ ಬಲ್ಲರು.

ಗಾಂಧೀಜಿಯವರು ಮಾಡಿದ ಉಪಕಾರವನ್ನು ಕಡಮೆಯೆಂದು ಎಣಿಸುವವನು ನಾನಲ್ಲ. ನೂಲುವವಳ ಹೆಸರು ಅಧಿವೇಶನದ ನಿರ್ಣಯದಲ್ಲಿ ಬರುವಂತೆ ಮಾಡಿದವರು ಅವರೇ. ಆದರೂ ಆ 2,000 ಗಜದ ಲೆಕ್ಕದಲ್ಲಿ ಮನೆಯ ನೂಲು ಮತ್ತೊಮ್ಮೆ ಹೊರಗಿನ ಅಳತೆಗೆ ಒಳಗಾಯಿತು ಎನ್ನದೆ ವಿಧಿಯಿಲ್ಲ. ಸೂತ್ರಾಧ್ಯಕ್ಷನು ಅರಸನಿಗಾಗಿ ತೂಗಿದನು. ಸಂತೆಯ ನೇಕಾರನು ತನ್ನ ಮಗ್ಗಕ್ಕಾಗಿ ತೂಗಿದನು. ಸಂಘದ ಕಾರ್ಯದರ್ಶಿಯು ದೇಶಕ್ಕಾಗಿ ಅಳೆದನು. ಮೂವರ ಪುಸ್ತಕದಲ್ಲಿಯೂ ಗಜವಿತ್ತು, ತೂಕವಿತ್ತು. ತೊಡುವವನ ಬೆರಳಿನ ಅಗಲವಿರಲಿಲ್ಲ.

ಬುಟ್ಟಿಯಲ್ಲಿರುವ ಕುಲಾವಿ ಮತ್ತು ಸ್ವೆಟರುಗಳ ವಂಶಾವಳಿಯು ಮಾತ್ರ ಬೇರೆ. ಬುಟ್ಟಿ ಹೆಣೆಯುವುದು, ಬಲೆ ಹೆಣೆಯುವುದು, ಜಡೆ ಹೆಣೆಯುವುದು ನಮಗೆ ಮೊದಲಿನಿಂದಲೂ ಗೊತ್ತಿತ್ತು; ಎರಡು ಕಡ್ಡಿಗಳಿಂದ ಉಣ್ಣೆ ಹೆಣೆಯುವುದು ಹೊರಗಿನಿಂದ ಬಂದಿತು. ಈ ವಿದ್ಯೆಯ ಹಳೆಯ ಕುರುಹುಗಳು ಈಜಿಪ್ಟಿನ ಒಣಮರಳಿನಲ್ಲಿ ಉಳಿದು ಬಂದ ಮಧ್ಯಯುಗದ ಕಾಲುಚೀಲಗಳು. ಅವು ನೀಲಿ ಬಿಳಿಯ ಹತ್ತಿಯ ನೂಲಿನವು ಎಂಬುದು ಸ್ವಾರಸ್ಯದ ಸಂಗತಿ. ಯುರೋಪಿನಲ್ಲಿ ಅದು ಉಣ್ಣೆಗೆ ಒಗ್ಗಿ, ಅಲ್ಲಿಂದ ಹಡಗೇರಿ ನಮ್ಮ ನಾಡಿಗೆ ಇಳಿಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಂತಹ ಪಾದ್ರಿಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಅಕ್ಷರದ ಜೊತೆಗೆ ಸೂಜಿಯ ಕೆಲಸವೂ ಪಾಠವಾಗಿದ್ದಿತು. ಶಾಲೆಯಲ್ಲಿ ಕಲಿತ ಹುಡುಗಿ ಮದುವೆಯಾಗಿ ಹೋದ ಮನೆಯಲ್ಲಿ ನಾದಿನಿಗೆ ಕಲಿಸಿದಳು; ನಾದಿನಿಯು ತನ್ನ ಗಂಡನ ಮನೆಗೆ ಕೊಂಡುಹೋದಳು. ಬೆಂಗಳೂರಿನ ಚಳಿ, ಕೊಡಗಿನ ಮಂಜು, ಮಲೆನಾಡಿನ ಮಳೆಗಳು ಈ ಕಲೆಗೆ ಆಶ್ರಯಕೊಟ್ಟವು. ಹೀಗೆ ಯಾವ ಕಂಪನಿಯ ಬೆಂಬಲವೂ ಇಲ್ಲದೆ, ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಅಡುಗೆಮನೆಯ ಹಿಂದಿನ ಬಾಗಿಲಿಗೆ, ಹೆಪ್ಪಿನ ಮಜ್ಜಿಗೆಯ ಹಾಗೆ ಅದು ಹಬ್ಬಿತು.

ನೇಯ್ಗೆಗೂ ಹೆಣಿಗೆಗೂ ಒಂದು ತಾತ್ತ್ವಿಕವಾದ ಭೇದವಿದೆ. ನೇಯ್ಗೆಗೆ ಹಾಸೊಂದು ಹೊಕ್ಕೊಂದು, ಎರಡು ಬಗೆಯ ನೂಲು ಬೇಕು; ಮಗ್ಗದಿಂದ ಕತ್ತರಿಸಿ ತೆಗೆದ ಬಟ್ಟೆಯು ಮತ್ತೆ ನೂಲಾಗುವುದಿಲ್ಲ. ಹೆಣಿಗೆಯಲ್ಲಿ ಒಂದೇ ಎಳೆಯು ತನ್ನೊಳಗೆ ತಾನು ಕುಣಿಕೆಯಾಗಿ ತೂರಿ ಬಟ್ಟೆಯಾಗುತ್ತದೆ. ತುದಿಯನ್ನು ಹಿಡಿದು ಎಳೆದರೆ ಅಷ್ಟೂ ಬಿಚ್ಚಿ ಮೊದಲಿನ ಉಂಡೆಯಾಗುತ್ತದೆ. ಈ ಗುಣದಿಂದಲೇ ಅದು ಕುಟುಂಬದ ಕಲೆಯಾಯಿತೆಂದು ನಾನು ತಿಳಿದಿದ್ದೇನೆ. ಮಕ್ಕಳು ಬೆಳೆಯುತ್ತಾರೆ, ಮುದುಕರು ಕುಗ್ಗುತ್ತಾರೆ. ಒಬ್ಬರಿಗೆ ಸಾಲದಾದುದು ಇನ್ನೊಬ್ಬರಿಗೆ ಹೆಚ್ಚಾಗುತ್ತದೆ. ಅಕ್ಕನ ಬುಟ್ಟಿಯಲ್ಲಿರುವ ಬೂದುಬಣ್ಣದ ಉಣ್ಣೆಯನ್ನೇ ತೆಗೆದುಕೊಳ್ಳಿ. ಅದು ಮೊದಲು ನಮ್ಮ ತಂದೆಯ ಗಲಪಟ್ಟಿಯಾಗಿದ್ದಿತು. ಅವರು ಹೋದ ಎರಡು ವರ್ಷಗಳ ಮೇಲೆ ಆಕೆ ಒಂದು ಮಧ್ಯಾಹ್ನ ಅದನ್ನು ಬಿಚ್ಚಿ, ಬಿಸಿನೀರಿನಲ್ಲಿ ಅದ್ದಿ ಸುಕ್ಕು ಬಿಡಿಸಿ, ತಂಗಿಯ ಮಗಳಿಗೆ ತೋಳಿಲ್ಲದ ಸ್ವೆಟರು ಮಾಡಿದಳು. ಆ ಹುಡುಗಿ ಬೆಳೆದು ಅದು ಬಿಗಿಯಾದಾಗ ಮತ್ತೆ ಬಿಚ್ಚಿ ಉಂಡೆಮಾಡಿಟ್ಟಳು. ಈಗ ಆ ಹುಡುಗಿಯ ಕೂಸಿಗೆ ಅದೇ ಎಳೆ ಕುಲಾವಿಯಾಗುತ್ತಿದೆ. ಮುತ್ತಜ್ಜನ ಕೊರಳಿನಿಂದ ಮರಿಮಗುವಿನ ತಲೆಗೆ ನಾಲ್ಕು ತಲೆಮಾರುಗಳನ್ನು ದಾಟಿದ ಆ ಎಳೆಯು ನಡುವೆ ಒಮ್ಮೆಯೂ ಕಡಿದಿಲ್ಲ.

ಮೊನ್ನೆ ಎದುರು ಮನೆಯ ಹೆಂಗಸು ಬಂದವರು ಕುಲಾವಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಎಷ್ಟು ನಾಜೂಕಾಗಿದೆ! ಇಂಥವನ್ನು ಮಾರಿದರೆ ಒಳ್ಳೆಯ ದುಡ್ಡು ಬರುತ್ತದಲ್ಲ ಅಕ್ಕಯ್ಯ?" ಎಂದರು. ಅಕ್ಕ ಕಡ್ಡಿಯಿಂದ ಕಣ್ಣು ತೆಗೆಯದೆ, "ಮಾರುವುದು ಹೇಗಮ್ಮ, ಅಳತೆ ನಮ್ಮ ಮಗೂದು. ಬೇರೆ ಯಾರ ತಲೆಗೆ ಹಿಡಿಸೀತು?" ಎಂದಳು.

ಆಕೆ ಅದನ್ನು ತತ್ತ್ವವೆಂದು ಹೇಳಲಿಲ್ಲ. ಕೆಲಸದ ತೊಡಕೆಂದು ಹೇಳಿದಳು. ನಾನು ಇಷ್ಟು ಪುಟಗಳಲ್ಲಿ ಸುತ್ತಿಬಳಸಿ ಹೇಳಿದುದು ಆ ಮಾತಿನಲ್ಲಿ ಅಡಕವಾಗಿತ್ತು. ಆ ಬಳಿಕ ಆಕೆ ಸೆರಗಿನ ಗಂಟಿನಿಂದ ಒಂದು ತುಂಡು ದಾರವನ್ನು ಬಿಡಿಸಿ ತೆಗೆದಳು. ಹೋದ ತಿಂಗಳು ಕೂಸಿನ ತಲೆಯ ಸುತ್ತ ಹಿಡಿದು, ಅಷ್ಟಕ್ಕೆ ಗಂಟುಹಾಕಿ ತಂದ ದಾರವದು. ಅದನ್ನು ಹೆಣಿಗೆಯ ಅಂಚಿಗೆ ಹಿಡಿದು ನೋಡಿ, "ಇಷ್ಟರಲ್ಲೇ ಬೆಳೆದುಬಿಟ್ಟಿರುತ್ತದೆ" ಎಂದುಕೊಂಡು, ಎರಡು ಕುಣಿಕೆ ಹೆಚ್ಚು ಹಾಕಿದಳು.